ಹೊಗೆಗೆ ಪರೀಕ್ಷೆ, ಬ್ರೇಕಿಗೆ ದೇವರೇ ದಿಕ್ಕು!

“ಬ್ರೇಕ್ ತುಳಿದ್ರೆ ಗಾಡಿ ಒಂದ್ಕಡೆಗೆ ಎಳೀತದೆ ಕಣಣ್ಣ.”

“ಅದ್ಕ್ಯಾಕೆ ಶೆಡ್ಡಿಗೆ ಬುಡ್ತೀಯ? ಭಾನ್ವಾರ ಮನೆ ಮುಂದೆ ಜಾಕಿ ಹಾಕಿ, ಬಿಚ್ಚಿ ತೊಳೆದ್ರಾಯ್ತು.”

ಮಂಡ್ಯದ ಪೇಟೆ ಬೀದಿಯಲ್ಲಾಗಲಿ, ಮದ್ದೂರಿನ ಎಳನೀರು ಮಾರುಕಟ್ಟೆ ಬಳಿಯಾಗಲಿ ಇಂಥ ಮಾತು ಹೊಸದಲ್ಲ. ಶೆಡ್ಡಿಗೆ ಬಿಟ್ಟರೆ ಕೂಲಿ ದುಬಾರಿ, ಜೊತೆಗೆ ಒಂದು ದಿನದ ವ್ಯಾಪಾರ ಹಾಳು. ಪಂಪ್‌ಸೆಟ್ಟನ್ನೇ ಬಿಚ್ಚಿ ಜೋಡಿಸುವ ಕೈಗೆ ಕಾರಿನ ಕ್ಯಾಲಿಪರ್ ಯಾವ ಮಹಾ ಎಂಬ ಧೈರ್ಯ ಬೇರೆ. ಆದರೆ ಪಂಪ್‌ಸೆಟ್ ಕೈಕೊಟ್ಟರೆ ಗದ್ದೆ ಒಣಗೀತು. ಬ್ರೇಕ್ ಕೈಕೊಟ್ಟರೆ ಸಾಯುವವನು ಬಸ್ಸಿಗೆ ಕಾದು ನಿಂತ ಬಡಪಾಯಿ!

ಅಂಬಾಸಿಡರ್ ಕಾಲದ ಡ್ರಮ್ಮು ಬೇರೆ, ಈಗಿನ ಕಾರುಗಳ ಮುಂದಿನ ಚಕ್ರದ ಡಿಸ್ಕು ಬೇರೆ. ಬ್ರೇಕ್ ತುಳಿದಾಗ ಆಯಿಲ್ ಒತ್ತಡಕ್ಕೆ ಕ್ಯಾಲಿಪರಿನ ಪಿಸ್ಟನ್ ಮುಂದೆ ಬಂದು, ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಇಕ್ಕಳದಂತೆ ಅವುಚಿ ಹಿಡಿಯುತ್ತವೆ. ಕಾಲು ತೆಗೆದಾಗ ಆ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ಸ್ಪ್ರಿಂಗ್ ಅಲ್ಲ, ಅದನ್ನು ಸುತ್ತಿಕೊಂಡ ಒಂದು ರಬ್ಬರ್ ಸೀಲ್. ಗದ್ದೆ ಬಯಲಿನ ಕೆಸರು, ನಾಲೆಗಿಳಿಸಿ ತೊಳೆಯುವ ನೀರು ಹರಿದ ರಬ್ಬರಿನ ಮೂಲಕ ಒಳಸೇರಿದರೆ ಪಿಸ್ಟನ್ ತುಕ್ಕು ಹಿಡಿಯುತ್ತದೆ, ಪಿನ್ನು ಜಾಮ್ ಆಗುತ್ತದೆ. ಚಕ್ರ ಬಿಸಿಯಾಗುವುದು, ಸುಟ್ಟ ವಾಸನೆ, ಒಂದೇ ಕಡೆಯ ಪ್ಯಾಡ್ ಸವೆಯುವುದು ಇದರ ಲಕ್ಷಣ.

ಇಲ್ಲಿಂದಾಚೆಗೆ ಮನೆವೈದ್ಯ ಶುರು! ಪಿಸ್ಟನ್ನನ್ನು ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುತ್ತಾರೆ, ಸಿಕ್ಕಿದ ಗ್ರೀಸು ಮೆತ್ತುತ್ತಾರೆ. ಆ ಸೀಲಿಗೆ ಪೆಟ್ರೋಲಿಯಂ ಎಣ್ಣೆ ಸೋಕಿದರೆ ಊದಿಕೊಳ್ಳುತ್ತದೆ. ಕೆಲವರಂತೂ ಎಂಜಿನ್ ಆಯಿಲ್ಲನ್ನೇ ಸುರಿಯುತ್ತಾರೆ. ಹೆಸರು ಬ್ರೇಕ್ ಆಯಿಲ್, ಆದರೆ ಅದು ಎಣ್ಣೆಯಲ್ಲ ಸ್ವಾಮಿ! ಅದು ಗಾಳಿಯ ತೇವ ಹೀರುವ ದ್ರವ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಶಿಂಷಾ ಕಡೆಯ ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇಳಿದರೆ ಅದು ಕುದಿದು ಆವಿಯಾಗಿ, ಪೆಡಲ್ ಸೀದಾ ನೆಲಕ್ಕೆ!

ಹಾಗಂತ ಮನೇಲಿ ಏನೂ ಮಾಡಬಾರದೆಂದಲ್ಲ. ಪ್ಯಾಡ್ ಸವೆದಿದೆಯೇ, ಆಯಿಲ್ ಇಳಿದಿದೆಯೇ, ಪೈಪು ಸೀಳಿದೆಯೇ ನೋಡಬಹುದು. ಕಲ್ಲು, ಇಟ್ಟಿಗೆ ಕೊಟ್ಟು ಕಾರಿನ ಕೆಳಗೆ ನುಗ್ಗಬಾರದು, ಗಟ್ಟಿ ಸ್ಟ್ಯಾಂಡ್ ಬೇಕು. ಪ್ಯಾಡ್ ಬದಲಿಸಿದವರು ಪೆಡಲ್ ಗಟ್ಟಿಯಾಗುವವರೆಗೆ ತುಳಿದೇ ಗಾಡಿ ಕದಲಿಸಬೇಕು. ಆದರೆ ಪಿಸ್ಟನ್ ಹೊರತೆಗೆದು ಸೀಲ್ ಹಾಕುವುದು, ಆಮೇಲೆ ಗಾಳಿ ತೆಗೆಯುವುದು ಬಲ್ಲವನ ಕೈಗೇ ಇರಲಿ.

ರಸ್ತೆಗಳೂ ಮೊದಲಿನಂತಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗ ನೂರು. ಐವತ್ತರಲ್ಲಿ ನಿಲ್ಲಿಸುವುದಕ್ಕಿಂತ ನೂರರಲ್ಲಿ ಬ್ರೇಕಿನ ಮೇಲೆ ಬೀಳುವ ಹೊರೆ ನಾಲ್ಕು ಪಟ್ಟು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಎಲ್ಲವೂ ಸರ್ವಿಸ್ ರಸ್ತೆಗೆ ಬಂದಿವೆ, ಕಬ್ಬಿನ ಗಾಡಿಯೂ ಅಲ್ಲೇ, ಶಾಲೆ ಮಕ್ಕಳೂ ಅಲ್ಲೇ. ಇನ್ನು ನಾಲೆ ಏರಿಯ ಮೇಲೆ ವಾಹನ ಹಿಡಿತ ತಪ್ಪಿದರೆ ಏನಾದೀತೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜೀವ ಹೋಯಿತು.

ಕಾನೂನು ಏನು ಮಾಡುತ್ತಿದೆ? ಬಸ್ಸು, ಬಾಡಿಗೆ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆಯುಂಟು. ಸ್ವಂತ ಕಾರಿಗೋ, ನೋಂದಣಿಯಾದ 15 ವರ್ಷ ಯಾರೂ ಬ್ರೇಕ್ ಮುಟ್ಟಿ ನೋಡುವಂತಿಲ್ಲ! ಹೊಗೆ ಪರೀಕ್ಷೆಯ ಚೀಟಿ ಮಾತ್ರ ಕಾಲಕಾಲಕ್ಕೆ ತೋರಿಸಬೇಕು. ಹೊಗೆ ಉಗುಳಬಾರದು ಸರಿ, ನಿಲ್ಲದಿದ್ದರೆ ಪರವಾಗಿಲ್ಲವೇ?

ಆರ್.ಟಿ.ಓ. ಕಚೇರಿಯವರು ಐ.ಟಿ.ಐ. ಹುಡುಗರನ್ನು ಜೊತೆ ಮಾಡಿಕೊಂಡು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ತಿಂಗಳಿಗೊಂದು ದಿನ ಉಚಿತ ಬ್ರೇಕ್ ತಪಾಸಣೆ ನಡೆಸಲಿ. ದಂಡ ಹಾಕುವುದು ಬೇಡ, ದೋಷ ತೋರಿಸಿಕೊಟ್ಟರೆ ಸಾಕು. ಹುಡುಗರಿಗೂ ಕೆಲಸ ಕಲಿತಂತಾಗುತ್ತದೆ, ಗಾಡಿಯವರಿಗೂ ಕಣ್ಣು ತೆರೆಯುತ್ತದೆ.

ಕಾರು ಸ್ವಂತದ್ದಿರಬಹುದು, ರಸ್ತೆ ಹತ್ತು ಜನರದ್ದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?