ಚಳಿಗಾಲದ ಬೆಳಗು ಮತ್ತು ಲಾರಿಯ ಹೊಗೆ

ತೊಗರಿ ರಾಶಿಯ ಕಾಲ ಬಂತೆಂದರೆ ನಮ್ಮ ಚಿಮ್ಮನಚೋಡದಲ್ಲಿ ಕೋಳಿ ಕೂಗುವ ಮೊದಲೇ ಲಾರಿಗಳು ಗುಡುಗತೊಡಗುತ್ತವೆ. ಕಲಬುರಗಿಯ ಮಾರುಕಟ್ಟೆಗೆ ಮಾಲು ಒಯ್ಯುವವು ಕೆಲವು, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವವು ಕೆಲವು. ಹೊರಡುವುದು ಆರಕ್ಕಾದರೆ ಎಂಜಿನ್ ಚಾಲೂ ಆಗುವುದು ಐದೂವರೆಗೆ. ಕೇಳಿದರೆ "ಗಾಡಿ ಬಿಸಿಯಾಗಬೇಕು ಸರ್" ಎಂಬ ಉತ್ತರ. ಹೀಗೆ ಉತ್ತರಿಸುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿಯೇ. ಅರ್ಧ ತಾಸಿನ ಈ ಪದ್ಧತಿ ನಮ್ಮ ಸೀಮೆಯ ಚಳಿಗೆ ಅನಗತ್ಯವಾದುದು, ಎಂಜಿನ್ನಿಗೂ ಹಿತವಲ್ಲದ್ದು ಎಂಬುದು ನನ್ನ ಅಭಿಪ್ರಾಯ.

ತರಗತಿಯಲ್ಲಿ ನಾನು ಸೈಕಲ್ ಪಂಪಿನ ಉದಾಹರಣೆ ಕೊಡುತ್ತಿದ್ದುದು ನಿಮಗೆ ನೆನಪಿರಬಹುದು. ಗಾಳಿಯನ್ನು ರಭಸದಿಂದ ಅದುಮಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟು ಅಷ್ಟೇ. ಪೆಟ್ರೋಲ್ ಎಂಜಿನ್ನಿನಂತೆ ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಮೂಲ ಗಾತ್ರದ ಹದಿನೈದು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ತಣ್ಣಗಿರುವ ಲೋಹವು ಈ ಕಾವನ್ನು ಹೀರುತ್ತದೆ, ಎಂಜಿನ್ ಆಯಿಲ್ ಮಂದವಾಗಿರುತ್ತದೆ, ಬ್ಯಾಟರಿಯ ಬಲ ಕುಗ್ಗಿರುತ್ತದೆ. ಮೊದಲಿಗೆ ಬರುವ ಬಿಳಿ ಹೊಗೆ ಉರಿಯದೆ ಹೊರಬಿದ್ದ ಡೀಸೆಲ್ಲೇ. ಆದುದರಿಂದ ಚಾಲಕರ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಲಾಗದು.

ಆದರೆ ಎಂತಹ ಚಳಿ ಎಂಬುದೇ ಪ್ರಶ್ನೆ. ಲಡಾಖಿನಲ್ಲಿ ಡೀಸೆಲ್ಲಿನೊಳಗಿನ ಮೇಣ ಹೆಪ್ಪುಗಟ್ಟಿ ಇಂಧನವೇ ಹರಿಯದಂತಾಗುತ್ತದೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ಲನ್ನು ಬಿಡುಗಡೆ ಮಾಡಿತು. ನಮ್ಮಲ್ಲಿಯೋ, ಪುಷ್ಯ ಮಾಸದ ಬೆಳಗಿನಲ್ಲೂ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ತೀರ ಇಳಿದರೆ 10ರ ಹತ್ತಿರ. ಕಂಬಳಿ ಹೊದ್ದವನಿಗೆ ಅದು ಚಳಿಯೇ, ಡೀಸೆಲ್ಲಿಗಲ್ಲ.

ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಬೇಗ ಬಿಸಿಯಾಗುವುದೂ ಇಲ್ಲ. ಭಾರವಿಲ್ಲದಾಗ ಅದು ಬಹಳ ಗಾಳಿಯನ್ನು ಎಳೆದುಕೊಂಡು ಅತ್ಯಲ್ಪ ಇಂಧನವನ್ನು ಸುಡುತ್ತದೆ. ಸರಿಯಾಗಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲ್‌ನಲ್ಲಿ ಬೆರೆಯುತ್ತದೆ, ಇಂಜೆಕ್ಟರಿನ ಬಾಯಿಗೆ ಮಸಿ ಕಟ್ಟುತ್ತದೆ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಲಾರಿಗಳಲ್ಲಿ ಮಸಿ ಹಿಡಿಯುವ ಜರಡಿಯೊಂದಿದೆ. ಅದೂ ಬೇಗ ತುಂಬಿಕೊಳ್ಳುತ್ತದೆ. ಆಯಿಲ್ ಒತ್ತಡ ಏರಲು, ಟರ್ಬೋಗೆ ಎಣ್ಣೆ ತಲುಪಲು ಎರಡು ಮೂರು ನಿಮಿಷ ಸಾಕು. ಆಮೇಲೆ ಆಕ್ಸಿಲರೇಟರ್ ತುಳಿದು ಗರ್ಜಿಸದೆ, ಮೊದಲ ಒಂದೆರಡು ಮೈಲಿ ಮೆಲ್ಲಗೆ ಓಡಿಸಿದರೆ ಎಂಜಿನ್ ತಾನಾಗಿ ಹದಕ್ಕೆ ಬರುತ್ತದೆ. ಒಂದು ಮಾತನ್ನು ಮಾತ್ರ ಕಡ್ಡಾಯವಾಗಿ ಪಾಲಿಸಬೇಕು: ಏರ್ ಬ್ರೇಕಿನ ಗಾಳಿ ಪೂರ್ತಿ ತುಂಬುವವರೆಗೆ ಗಾಡಿ ಕದಲಿಸಬಾರದು. ಅದಕ್ಕೆ ಇನ್ನೆರಡು ನಿಮಿಷ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ನನ್ನ ನಿಜವಾದ ಕಳವಳ ಎಂಜಿನ್ನಿನದಲ್ಲ. ಲಾರಿ ನಿಲ್ಲುವುದು ಮನೆಗಳ ನಡುವೆ. ಚಳಿಗಾಲದ ಮುಂಜಾವಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗೆ ಭಾರವಾಗಿ ಕುಳಿತಿರುವುದರಿಂದ ಹೊಗೆ ಮೇಲೇರದೆ ಓಣಿಯಲ್ಲೇ ಹರಡಿ, ಕಿಟಕಿಯೊಳಗೆ ಇಳಿಯುತ್ತದೆ. ಆ ಹೊತ್ತಿಗೆ ಒಳಗೆ ಮಕ್ಕಳು ಮಲಗಿರುತ್ತಾರೆ, ದಮ್ಮಿನ ಮುದುಕರು ಎದ್ದು ಕುಳಿತಿರುತ್ತಾರೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿದೆ. ನೆರೆಯವರು ದೂರುವುದಿಲ್ಲ, ದುಡಿಯುವವನ ಗಾಡಿಗೆ ಅಡ್ಡ ಮಾತಾಡುವುದು ನಮ್ಮ ಊರ ರೂಢಿಯಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಮಾಲೀಕರಾದ ಶಿಷ್ಯರಿಗೂ ಒಂದು ಮಾತು. ನಿಮ್ಮ ಚಾಲಕ ಎಂಜಿನ್ ಆರಿಸಲು ಹೆದರುವುದು ಬಹಳ ಸಲ ಚಳಿಗಲ್ಲ, ಸತ್ತ ಬ್ಯಾಟರಿಗೆ. ಒಮ್ಮೆ ಆರಿಸಿದರೆ ಮತ್ತೆ ನಾಲ್ಕು ಜನ ನೂಕಬೇಕಾದೀತೆಂಬ ಭಯ ಅವನದು. ಅದನ್ನು ಅವನು ನಿಮ್ಮೆದುರು ಹೇಳಲಾರ. ಈ ದೀಪಾವಳಿಗೆ ಲಾರಿಗೆ ಹಾರ ಹಾಕಿ ಪೂಜೆ ಮಾಡುವಾಗ ಬ್ಯಾಟರಿಯನ್ನೂ ಒಮ್ಮೆ ಪರೀಕ್ಷಿಸಿ.