ಕರಿಯ ಪುಡಿಯೂ ಕೈಗಾದ ಕೊಳವೆಗಳೂ

ಬೆಂಗಳೂರಿನ ಹೆಗ್ಗನಹಳ್ಳಿಯ ಅಡ್ಡರಸ್ತೆಗಳಲ್ಲಿ ಮನೆಗಳ ಮಗ್ಗುಲಿಗೇ ಹೊಂದಿಕೊಂಡಿರುವ ವರ್ಕ್‌ಶಾಪೊಂದನ್ನು ಹೊಕ್ಕು, ಸ್ಪಾರ್ಕ್ ಯಂತ್ರಕ್ಕೆಂದು ಗ್ರಾಫೈಟ್ ತುಂಡನ್ನು ಕಡೆಯುವಾಗ ಉದುರುವ ಕರಿಯ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದವರಿಗೆ, ಎಣ್ಣೆಯ ಸೋಂಕಿಲ್ಲದೆಯೇ ಅದು ಜಾರುವ ಸೋಜಿಗ ತಿಳಿದೇ ಇದೆ. ಸೋಪಿಗೆ ಅದು ಸುಲಭವಾಗಿ ಬಗ್ಗದೆಂಬುದೂ ತಿಳಿದಿದೆ. ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಟ್ಕೋನವಾಗಿ ಹೆಣೆದುಕೊಂಡು ಪದರವಾಗುತ್ತವೆ: ಪದರದೊಳಗಿನ ನೆರೆಯ ಅಂತರ 0.142 ನ್ಯಾನೊಮೀಟರ್, ಪದರದಿಂದ ಪದರಕ್ಕೆ 0.335. ಆ ಸಡಿಲವಾದ ಎಡೆ ಜಾರಿಕೆಗೆ ಒಂದು ಕಾರಣ. ವಿಕಿರಣದ ಉಪದ್ರವಕ್ಕೂ ಅದೇ ನೆಲೆ. ನ್ಯೂಟ್ರಾನುಗಳ ವೇಗವನ್ನು ಗ್ರಾಫೈಟ್ ಇಟ್ಟಿಗೆಗಳಿಂದ ತಗ್ಗಿಸುವ ಅಣುಸ್ಥಾವರದಲ್ಲಿ ವೇಗದ ನ್ಯೂಟ್ರಾನು ಬಡಿದಾಗ ಸ್ಥಾನಭ್ರಷ್ಟವಾದ ಪರಮಾಣು ಪದರಗಳ ನಡುವೆ ನುಸುಳಿ ಅವನ್ನು ಅಗಲಿಸುತ್ತದೆ, ಅದು ತೆರವು ಮಾಡಿದ ಜಾಗದತ್ತ ಪದರ ಕುಗ್ಗುತ್ತದೆ; ಹೀಗೆ ಒಂದೇ ಸ್ಫಟಿಕವು ಒಂದು ದಿಕ್ಕಿಗೆ ಉಬ್ಬಿ ಮತ್ತೊಂದು ದಿಕ್ಕಿಗೆ ಸಂಕುಚಿಸುವುದರಿಂದ, ವರ್ಷಗಳು ಕಳೆದಂತೆ ಗ್ರಾಫೈಟ್ ಇಟ್ಟಿಗೆಯೇ ಬಿರಿಯುವುದುಂಟು. ಸ್ಥಾನ ತಪ್ಪಿದ ಪರಮಾಣುಗಳಲ್ಲಿ ಶಕ್ತಿಯೂ ಅಡಗಿ ಕುಳಿತಿರುತ್ತದೆ. ಭೌತವಿಜ್ಞಾನಿ ಯೂಜೀನ್ ವಿಗ್ನರ್ ಮುಂಗಂಡಿದ್ದ ಈ ಶಕ್ತಿಯನ್ನು, ಗ್ರಾಫೈಟ್ ಕಾಯಿಸಿ, ಬಿಡುಗಡೆ ಮಾಡಹೊರಟಾಗಲೇ, 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಸ್ಥಾವರಕ್ಕೆ ಬೆಂಕಿ ಬಿದ್ದು, ಸುಮಾರು 500 ಚದರ ಕಿಲೋಮೀಟರು ಸೀಮೆಯ ಹಾಲನ್ನು ಚೆಲ್ಲಬೇಕಾಯಿತು.

ನಮ್ಮ ಕೈಗಾ ಅಣುಸ್ಥಾವರದಲ್ಲಿ ಗ್ರಾಫೈಟ್ ಇಲ್ಲ. ನ್ಯೂಟ್ರಾನುಗಳ ವೇಗವನ್ನು ತಗ್ಗಿಸಲು ಅಲ್ಲಿರುವುದು ಭಾರಜಲ, ಮತ್ತು ದ್ರವಕ್ಕೆ ಮುರಿಯುವ ಸ್ಫಟಿಕವಿಲ್ಲ. ಕೈಗಾದ ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿದಾಗ, ಹಿಂದಿಕ್ಕಿದ್ದು 940 ದಿನ ನಡೆದಿದ್ದ ಇಂಗ್ಲೆಂಡಿನ ಹೀಶಮ್‌ನ ಗ್ರಾಫೈಟ್ ಸ್ಥಾವರವನ್ನು. ಹೆಮ್ಮೆ ನ್ಯಾಯವಾದುದೇ. ಆದಾಗ್ಯೂ ಕೈಗಾದ ಇಂಧನವಿರುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು, ಅವೂ ಸ್ಫಟಿಕಗಳೇ; ನ್ಯೂಟ್ರಾನುಗಳ ಪೆಟ್ಟಿಗೆ ಅವು ಕಾಲಕ್ರಮದಲ್ಲಿ ಉದ್ದವಾಗುತ್ತವೆ, ನಡುವೆ ಜೋಲುತ್ತವೆ.

ಕೈಗಾಕ್ಕೆ ಸೇರಲಿರುವ ತಲಾ 700 ಮೆಗಾವಾಟಿನ 5 ಮತ್ತು 6ನೆಯ ಘಟಕಗಳ ಕುರಿತು ನಾನು ಕೇಳಿದ ವಾಗ್ವಾದಗಳಲ್ಲಿ ಒಂದು ಪಕ್ಷ ವಿದ್ಯುತ್ತನ್ನೆಣಿಸಿದರೆ ಇನ್ನೊಂದು ರೋಗಗಳನ್ನೆಣಿಸಿತು. ಕೊಳವೆಗಳ ಸಂಗತಿಯನ್ನು ಎತ್ತಿದವರನ್ನು ಕಾಣೆ. ಸ್ಕಾಟ್ಲೆಂಡಿನ ಹಂಟರ್‌ಸ್ಟನ್ ಅಣುಸ್ಥಾವರದಲ್ಲಿ ಗ್ರಾಫೈಟಿನ ಬಿರುಕುಗಳನ್ನು ಎಣಿಸಿ ಸಾರ್ವಜನಿಕರಿಗೆ ತಿಳಿಸುತ್ತಿದ್ದರು. ಉದ್ದೇಶಿಸಿದ್ದಕ್ಕಿಂತ ಮೊದಲೇ, 2022ರ ಜನವರಿಯಲ್ಲಿ, ಆ ಸ್ಥಾವರವನ್ನು ಮುಚ್ಚಿದರು. ಕೈಗಾದ ಕೊಳವೆಗಳು ಈ ವರ್ಷ ಎಷ್ಟು ಉದ್ದವಾದವು, ಎಷ್ಟು ಜೋತವು, ಎಷ್ಟರವರೆಗೆ ಸಲ್ಲುವುದು ಎಂಬ ಮೂರು ಅಂಕಿಗಳನ್ನು ಪ್ರತಿವರ್ಷ ಕನ್ನಡದಲ್ಲಿ, ಕಾರವಾರದ ಮೀನುಗಾರನಿಗೂ ಹೆಗ್ಗನಹಳ್ಳಿಯ ಫಿಟ್ಟರಿಗೂ ತಿಳಿಯುವ ಮಾತಿನಲ್ಲಿ ಪ್ರಕಟಿಸಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.