ಕಾನೂನು ನೆರವಿಗೆ ವಕೀಲರ ವಾದವಷ್ಟೇ ಸಾಕೆ?

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ನ್ಯಾಯಾಲಯದ ಮೆಟ್ಟಿಲು ಹತ್ತಿದವರ ಹಣ, ಕಾಲ, ನೆಮ್ಮದಿ ಮೂರೂ ಕರಗುತ್ತವೆ ಎಂಬ ತಲೆಮಾರುಗಳ ಅನುಭವವೇ ಈ ಮಾತಿಗೆ ಮೂಲ. ಉಳ್ಳವರ ಪಾಡೇ ಹೀಗಾದರೆ ಇಲ್ಲದವರ ಗತಿಯೇನು?

ಈ ಪ್ರಶ್ನೆಗೆ ನಮ್ಮ ದೇಶವು ಬರಹದಲ್ಲಂತೂ ಉದಾತ್ತವಾದ ಉತ್ತರವನ್ನೇ ಕೊಟ್ಟಿದೆ. 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 39ಎ ವಿಧಿಯು, ಬಡತನದ ಕಾರಣಕ್ಕೆ ಯಾರಿಗೂ ನ್ಯಾಯದ ಬಾಗಿಲು ಮುಚ್ಚಬಾರದೆಂದು ಸರಕಾರಕ್ಕೆ ನಿರ್ದೇಶನವಿತ್ತಿತು. ಇದನ್ನು ಕಾರ್ಯರೂಪಕ್ಕೆ ತರಲು 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಾಯಿತು. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಈ ಕಾಯ್ದೆಯ 12ನೆಯ ಪ್ರಕರಣವನ್ನು ಪ್ರತಿಯೊಬ್ಬ ನಾಗರಿಕನೂ ಒಮ್ಮೆ ಓದಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಆದಾಯದ ಮಿತಿಯೊಳಗಿನ ಬಡವರು ಇವರೆಲ್ಲರೂ ಉಚಿತ ಕಾನೂನು ಸೇವೆಗೆ ಅರ್ಹರು. ಹೆಂಗಸರು ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ದೆಹಲಿಯ ರಾಷ್ಟ್ರೀಯ ಪ್ರಾಧಿಕಾರದಿಂದ ಹಿಡಿದು ತಾಲೂಕು ಕಾನೂನು ಸೇವಾ ಸಮಿತಿಯವರೆಗೆ ಇದಕ್ಕೊಂದು ವ್ಯವಸ್ಥೆಯಿದೆ, 15100 ಎಂಬ ಸಹಾಯವಾಣಿಯೂ ಇದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕಾಯ್ದೆ ಕೊಟ್ಟ ವರವು ನಡುದಾರಿಯಲ್ಲಿ ಎಲ್ಲಿಯೋ ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ಪೂಜಾರಿ ಒಬ್ಬ ವ್ಯಕ್ತಿಯಲ್ಲ. ಸಿಗದ ಕಡತ, ತಿಳಿಯದ ದಿನಾಂಕ, ಅರ್ಥವಾಗದ ನಮೂನೆ ಇವೇ ಆ ಪೂಜಾರಿಗಳು. ಕಾನೂನು ನೆರವೆಂದರೆ ಕಪ್ಪು ಕೋಟಿನ ವಕೀಲರು ಎದ್ದುನಿಂತು ವಾದಿಸುವ ಚಿತ್ರವೇ ನಮ್ಮ ಕಣ್ಣಿಗೆ ಬರುತ್ತದೆ. ವಾಸ್ತವದಲ್ಲಿ ಆ ವಾದಕ್ಕೆ ತಗಲುವುದು ಕೆಲವು ನಿಮಿಷ. ಉಳಿದುದೆಲ್ಲ ಬರವಣಿಗೆ, ಜೋಡಣೆ, ಕಾಯುವಿಕೆ. ಜೀವನಾಂಶ ಕೇಳುವ ಹೆಣ್ಣುಮಗಳೊಬ್ಬಳ ಅರ್ಜಿಯನ್ನೇ ಎಣಿಸಿಕೊಳ್ಳಿ. ಅರ್ಹತೆಯ ದಾಖಲೆ, ಮದುವೆಯ ಪುರಾವೆ, ಗಂಡನ ಸಂಪಾದನೆಯ ವಿವರ, ಪ್ರಮಾಣಪತ್ರ ಇವೆಲ್ಲ ಕೂಡಬೇಕು. ಬಳಿಕ ಪ್ಯಾನಲ್ ವಕೀಲರೊಬ್ಬರ ನೇಮಕವಾಗಬೇಕು. ಅವರು ಬದಲಾದರೆ ಕಡತವು ಹೊಸಬರ ಕೈಗೆ ಪೂರ್ತಿಯಾಗಿ ತಲುಪಬೇಕು. ಮುಂದಿನ ದಿನಾಂಕ ಆಕೆಗೆ ತಿಳಿಯಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದ ಆಕೆ ಬರಿಗೈಯಲ್ಲಿ ಹಿಂದಿರುಗಬೇಕು. ಇಂತಹ ನಾಲ್ಕು ಪ್ರಯಾಣಗಳಾದ ಮೇಲೆ ಐದನೆಯದಕ್ಕೆ ಆಕೆ ಬರುವುದಿಲ್ಲ. ಆಗ ಆಕೆಯ ಹಕ್ಕು ಅಲ್ಲಿಗೆ ಮುಗಿದಂತೆಯೇ.

ಇದೇ ಕೆಲಸಗಳು ಬೆಂಗಳೂರಿನ ದೊಡ್ಡ ಖಾಸಗಿ ಕಾನೂನು ಸಂಸ್ಥೆಗಳಲ್ಲಿ ಹೇಗೆ ನಡೆಯುತ್ತವೆ ಎಂಬುದನ್ನು ಯೋಚಿಸಿದರೆ ಅಂತರವು ಎದ್ದುಕಾಣುತ್ತದೆ. ಅಲ್ಲಿ ದಿನಾಂಕಗಳನ್ನು ಗಣಕಯಂತ್ರವೇ ನೆನಪಿಸುತ್ತದೆ. ಕಡತದ ಪ್ರತಿ ಪುಟವೂ ಹುಡುಕಿದ ಕ್ಷಣದಲ್ಲಿ ಸಿಗುತ್ತದೆ. ಒಮ್ಮೆ ಚೆನ್ನಾಗಿ ಬರೆದ ಕರಾರು ಪತ್ರವು ಮಾದರಿಯಾಗಿ ಉಳಿದು ನೂರು ಸಲ ಉಪಯೋಗಕ್ಕೆ ಬರುತ್ತದೆ. ಈ ವ್ಯವಸ್ಥೆಗಳನ್ನು ನೋಡಿಕೊಳ್ಳಲು ವಕೀಲರಲ್ಲದ ತಂತ್ರಜ್ಞರು, ಗ್ರಂಥಪಾಲಕರು, ದಾಖಲೆ ನಿರ್ವಾಹಕರು ಸಂಬಳಕ್ಕಿರುತ್ತಾರೆ. ನಮ್ಮ ಲೇಖನದ ವಿಷಯ ಇವರೇ.

ವಕೀಲರಿಗೆ ಸೇವೆಯ ಧರ್ಮವನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಬೋಧಿಸಿವೆ. ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ದೀನರಿಗೆ ಉಚಿತ ನೆರವು ನೀಡುವುದು ವಕೀಲನು ಸಮಾಜಕ್ಕೆ ಸಲ್ಲಿಸಬೇಕಾದ ಅತ್ಯುನ್ನತ ಕರ್ತವ್ಯಗಳಲ್ಲೊಂದು ಎಂಬುದು 46ನೆಯ ನಿಯಮದ ಸಾರ. ಆದರೆ ಇದು ವ್ಯಕ್ತಿಗೆ ಹೇಳಿದ ಮಾತು, ಸಂಸ್ಥೆಗೆ ಹೇಳಿದ್ದಲ್ಲ. 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣವು ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾಗಿ ವ್ಯಯಿಸಬೇಕೆನ್ನುತ್ತದೆ. ಕಾನೂನು ಸಂಸ್ಥೆಗಳು ಪಾಲುದಾರಿಕೆಯ ಸ್ವರೂಪದವಾದ್ದರಿಂದ ಅವು ಆ ಕಟ್ಟಳೆಗೂ ಒಳಪಡುವುದಿಲ್ಲ. ಹೀಗಾಗಿ ಇಂತಹ ಸಂಸ್ಥೆಯ ನಿಜವಾದ ಸಂಪತ್ತಾದ ಕಾರ್ಯವಿಧಾನವು ಬಡವನ ಕಡೆಗೆ ಹರಿಯಲು ಯಾವ ಕಾಲುವೆಯೂ ಇಲ್ಲ.

ಈ ಕಾಲುವೆಯನ್ನು ತೋಡಲು ಯತ್ನಿಸಿದ ದೇಶ ಅಮೆರಿಕ. ಅಲ್ಲಿನ ಪರಿಸ್ಥಿತಿ ಕೆಲವು ವಿಷಯಗಳಲ್ಲಿ ನಮ್ಮದಕ್ಕಿಂತ ಕಠಿಣ. 1963ರ ಗಿಡಿಯನ್ ತೀರ್ಪಿನಿಂದ ಗಂಭೀರ ಕ್ರಿಮಿನಲ್ ಪ್ರಕರಣದ ಬಡ ಆರೋಪಿಗೆ ಸರಕಾರಿ ಖರ್ಚಿನಲ್ಲಿ ವಕೀಲ ಸಿಗುತ್ತಾನೆ. ಆದರೆ ಮನೆಯಿಂದ ಹೊರದಬ್ಬಿಸಿಕೊಳ್ಳುವ ಬಾಡಿಗೆದಾರನಿಗೆ, ಸಾಲಗಾರನಿಗೆ ದೇಶದಾದ್ಯಂತ ಅಂತಹ ಹಕ್ಕಿಲ್ಲ. ಸಿವಿಲ್ ನೆರವಿಗೆ ಹಣ ಒದಗಿಸಲೆಂದು 1974ರಲ್ಲಿ ಲೀಗಲ್ ಸರ್ವಿಸಸ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದು 2000ದಿಂದ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ಅನುದಾನ ನೀಡತೊಡಗಿತು. ರಾಜ್ಯ ರಾಜ್ಯಗಳ ಕಾನೂನು ಮಾಹಿತಿಯ ಜಾಲತಾಣಗಳು ಬೆಳೆದದ್ದು ಹೀಗೆ. ಲಾಹೆಲ್ಪ್ ಇಂಟರ್ಯಾಕ್ಟಿವ್ ಎಂಬ ಇನ್ನೊಂದು ವ್ಯವಸ್ಥೆ ಸರಳ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತದೆ. ಉತ್ತರಿಸುತ್ತ ಹೋದರೆ ಕೊನೆಯಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಬಹುದಾದ ಅರ್ಜಿಯೇ ಸಿದ್ಧವಾಗಿರುತ್ತದೆ. ಇದರ ಹಿಂದಿನ ತಂತ್ರ ಹೊಸದಲ್ಲ. ದೊಡ್ಡ ಕಾನೂನು ಸಂಸ್ಥೆಗಳು ಶ್ರೀಮಂತ ಕಕ್ಷಿದಾರರ ಕರಾರುಗಳನ್ನು ಸಿದ್ಧಪಡಿಸಲು ಬಳಸುತ್ತಿದ್ದ ವಿಧಾನವೇ ಬಡವನ ಕೆಲಸಕ್ಕೂ ಬಂತು.

ಅಮೆರಿಕದ ವಕೀಲರ ಸಂಘದ ಮಾದರಿ ನಿಯಮವು ಪ್ರತಿ ವಕೀಲನೂ ವರ್ಷಕ್ಕೆ ಕನಿಷ್ಠ 50 ತಾಸು ಉಚಿತ ಸೇವೆ ನೀಡಬೇಕೆಂದು ಆಶಿಸುತ್ತದೆ. ಆ ತಾಸುಗಳನ್ನು ನ್ಯಾಯಾಲಯದಲ್ಲೇ ಕಳೆಯಬೇಕೆಂದಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ನ್ಯಾಯಾಲಯಗಳ ಬಾಗಿಲು ಮುಚ್ಚಿದಾಗ, ಬಾಸ್ಟನ್ನಿನ ಸಫೊಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯವರು ವಕೀಲರು, ತಂತ್ರಜ್ಞರು, ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಕೂಡಿಸಿ, ಮ್ಯಾಸಚೂಸೆಟ್ಸ್ ರಾಜ್ಯದ ತುರ್ತು ಅರ್ಜಿಗಳನ್ನು ಮೊಬೈಲಿನಲ್ಲೇ ತುಂಬುವಂತೆ ಮಾಡಿದರು. ಹೊಡೆಯುವ ಗಂಡನಿಂದ ರಕ್ಷಣೆ ಕೋರುವ ಅರ್ಜಿಯೂ ಅವುಗಳಲ್ಲಿತ್ತು. ಒಬ್ಬ ವಕೀಲ ಹತ್ತು ತಾಸಿನಲ್ಲಿ ಒಂದು ಮೊಕದ್ದಮೆಗೆ ನೆರವಾಗಬಲ್ಲ. ಅದೇ ಹತ್ತು ತಾಸನ್ನು ಒಂದು ಅರ್ಜಿಯ ನಮೂನೆಯನ್ನು ತಿದ್ದಲು ಕೊಟ್ಟರೆ, ಆತನು ಎಂದೂ ಕಾಣದ ಸಾವಿರಾರು ಮಂದಿಗೆ ಅದು ಒದಗುತ್ತದೆ.

ಇಷ್ಟಾದರೂ ಅಮೆರಿಕ ಗೆದ್ದಿತೆಂದು ನಾನು ಹೇಳಲಾರೆ. ಬಡ ಅಮೆರಿಕನ್ನರ ಗಂಭೀರ ಸಿವಿಲ್ ಸಮಸ್ಯೆಗಳಲ್ಲಿ ಶೇಕಡ 92ಕ್ಕೆ ನೆರವೇ ಸಿಗುವುದಿಲ್ಲ ಅಥವಾ ಸಾಕಷ್ಟು ಸಿಗುವುದಿಲ್ಲ ಎಂದು ಅದೇ ಕಾರ್ಪೊರೇಶನ್ 2022ರಲ್ಲಿ ಪ್ರಕಟಿಸಿತು. ಯಂತ್ರವು ವಕೀಲನ ಬದಲಿಯಾಗದು. ಇರುವ ಕೆಲವೇ ವಕೀಲರ ಕಾಲವನ್ನು ಅದು ಉಳಿಸೀತು, ಅಷ್ಟೆ. ಆದರೆ ಉಳಿದ ಆ ಕಾಲವೇ ಬಡವನ ಪಾಲಿಗೆ ದೊಡ್ಡದು.

ನಮ್ಮಲ್ಲಿ ತಂತ್ರಜ್ಞಾನದ ಪ್ರಯತ್ನಗಳು ಇಲ್ಲವೆಂದಲ್ಲ. ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಆರಂಭವಾಯಿತು. ಅದರ ಮೂರನೆಯ ಹಂತಕ್ಕೆ 2023ರಲ್ಲಿ ಕೇಂದ್ರ ಸರಕಾರ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಗ್ರಾಮದ ಸಾಮಾನ್ಯ ಸೇವಾ ಕೇಂದ್ರಗಳ ಮೂಲಕ ವಕೀಲರ ಸಲಹೆ ಒದಗಿಸುವ ಟೆಲಿ-ಲಾ 2017ರಲ್ಲಿ ಬಂತು. ಉಚಿತ ಸೇವೆಗೆ ಮುಂದಾಗುವ ವಕೀಲರನ್ನು ಅರ್ಹರೊಂದಿಗೆ ಜೋಡಿಸುವ ನ್ಯಾಯಬಂಧು ಕೂಡ ಇದೆ. ಆದರೆ ಇವು ಮೇಲಿನಿಂದ ಕೆಳಗಿಳಿದು ಬಂದ ಯೋಜನೆಗಳು. ತಾಲೂಕು ಸಮಿತಿಯ ಮೇಜಿನ ಮುಂದೆ ಕುಳಿತು "ನಿಮ್ಮ ತೊಂದರೆ ಯಾವುದು?" ಎಂದು ಕೇಳಿ ಕೆಳಗಿನಿಂದ ಕಟ್ಟುವ ಕೆಲಸವೂ ಬೇಕಾಗಿದೆ.

ಅಲ್ಲಿನ ತೊಂದರೆಗಳು ಹೊರಗಿನವರಿಗೆ ಕ್ಷುಲ್ಲಕವಾಗಿ ಕಾಣಬಹುದು. ಒಂದು ಉದಾಹರಣೆ ಸಾಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಅರ್ಜಿಯನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನು ಹುಡುಕಲೂ ಆಗದು. ಇಂತಹ ಮಾದರಿಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ತಿದ್ದಿ, ಒಂದೆಡೆ ಇಡುವುದು ತಿಳಿದವನಿಗೆ ಕೆಲವು ವಾರಗಳ ಕೆಲಸ. ಯಾವ ಉದ್ಘಾಟನಾ ಸಮಾರಂಭಕ್ಕೂ ಯೋಗ್ಯವಲ್ಲದ ಈ ಕೆಲಸದಿಂದ ಆಗುವ ಉಪಕಾರ ಮಾತ್ರ ಬಹು ದೊಡ್ಡದು.

ಉದ್ಘಾಟನೆಯ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಹೇಳಬೇಕು. ನಾನು ಸೇವೆ ಸಲ್ಲಿಸಿದ ಶಾಲೆಯೊಂದಕ್ಕೆ ದಾನಿಗಳೊಬ್ಬರು ಗಣಕಯಂತ್ರಗಳನ್ನು ಕೊಟ್ಟರು. ಹಾರ, ಭಾಷಣ, ಛಾಯಾಚಿತ್ರ ಎಲ್ಲ ಆಯಿತು. ಕಲಿಸುವವರನ್ನಾಗಲಿ ಕೆಟ್ಟರೆ ಸರಿಪಡಿಸುವವರನ್ನಾಗಲಿ ಅವರು ಕಳುಹಿಸಲಿಲ್ಲ. ಎರಡನೆಯ ವರ್ಷಕ್ಕೆ ಆ ಯಂತ್ರಗಳ ಮೇಲೆ ಹೊದಿಸಿದ್ದ ಬಟ್ಟೆಯನ್ನು ಧೂಳು ಕೊಡವಲು ಮಾತ್ರ ತೆಗೆಯುತ್ತಿದ್ದರು. ಅಂಥದೇ ದಾನ ಕಾನೂನು ನೆರವಿಗೆ ಬಂದರೆ ಹಾನಿ ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ಹಳತಾದ ಸಾಧನವು ಸುಮ್ಮನೆ ಕೂರುವುದಿಲ್ಲ, ದಾರಿ ತಪ್ಪಿಸುತ್ತದೆ. 2024ರ ಜುಲೈ 1ರಂದು ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಜೀವನಾಂಶದ ಪ್ರಕರಣವೆಂದರೆ 125 ಎಂದು ದಶಕಗಳಿಂದ ರೂಢಿಯಾದದ್ದು 144 ಆಯಿತು. ಅದಕ್ಕೆ ಮೊದಲು ರಚಿತವಾದ ನಮೂನೆ, ಆ್ಯಪ್, ಕೈಪಿಡಿಗಳನ್ನೆಲ್ಲ ಯಾರಾದರೂ ಕುಳಿತು ತಿದ್ದಬೇಕು. ಮಾಡಿಕೊಟ್ಟು ಹೊರಟುಹೋದವರು ಆ ದಿನ ಎಲ್ಲಿರುತ್ತಾರೆ?

ಎರಡನೆಯ ಎಚ್ಚರಿಕೆ ಗುಟ್ಟಿನದು. ಮುಂದಿನ ದಿನಾಂಕವನ್ನು ಮೊಬೈಲಿಗೆ ಸಂದೇಶವಾಗಿ ಕಳುಹಿಸುವುದು ಒಳ್ಳೆಯ ಉಪಾಯವೇ. ಆದರೆ ಮನೆಗೆಲ್ಲ ಒಂದೇ ಮೊಬೈಲಿದ್ದು ಅದು ಗಂಡನ ಜೇಬಿನಲ್ಲಿದ್ದರೆ? ಕೌಟುಂಬಿಕ ದೌರ್ಜನ್ಯದ ದೂರಿತ್ತ ಹೆಂಗಸಿಗೆ ಆ ಸಂದೇಶವೇ ಮತ್ತೊಂದು ಏಟಿಗೆ ಕಾರಣವಾದೀತು. ಅಮೆರಿಕದ ಹಲವು ಕಾನೂನು ನೆರವಿನ ಜಾಲತಾಣಗಳಲ್ಲಿ, ಯಾರಾದರೂ ಹತ್ತಿರ ಬಂದಾಗ ಒತ್ತಿದೊಡನೆ ಪುಟ ಮರೆಯಾಗುವ ಗುಂಡಿಯೊಂದಿರುತ್ತದೆ. ಇಂಥದನ್ನು ಮುಂದಾಗಿ ಯೋಚಿಸಬಲ್ಲವರು ನೊಂದವರೊಡನೆ ನಿತ್ಯ ಮಾತನಾಡುವವರೇ. ಹಾಗಾಗಿ ನಗರದ ತಂತ್ರಜ್ಞರು ತಾಲೂಕಿನ ಪ್ಯಾರಾ ಲೀಗಲ್ ಸ್ವಯಂಸೇವಕರಿಂದ ಕಲಿಯುವುದೂ ಇದೆ.

ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಈಗ ಬಹಳ ಉತ್ಸಾಹವಿದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕಲ್ಪಿಸಿಕೊಟ್ಟ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟು, ತಮ್ಮ ಸಂಸ್ಥೆಯೊಡನೆ 5,000 ಡಾಲರ್ ದಂಡಕ್ಕೆ ಗುರಿಯಾದರು. ವಕೀಲರೇ ಮೋಸಹೋದರೆ ಓದು ಬಾರದ ಕಕ್ಷಿದಾರನ ಗತಿಯೇನು? ಅನುವಾದಕ್ಕೆ, ಹುಡುಕಾಟಕ್ಕೆ ಆ ಸಾಧನ ಬರಲಿ. ಸಲಹೆಯ ಮೇಲೆ ಮಾತ್ರ ಮನುಷ್ಯನೊಬ್ಬನ ಕಣ್ಣಿರಲಿ.

ಸರಕಾರದ ಕೆಲಸವನ್ನು ಖಾಸಗಿಯವರೇಕೆ ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೆರವಿನ ಹೊಣೆ ಸರಕಾರದ್ದೇ, ಅದರಿಂದ ಅದನ್ನು ಬಿಡುಗಡೆ ಮಾಡಬಾರದು. ಆದರೆ ಹಣದಿಂದ ಯಂತ್ರ ಕೊಳ್ಳಬಹುದು, ಕಾನೂನು ಕಚೇರಿಯೊಂದನ್ನು ದಿನದಿನವೂ ಅಚ್ಚುಕಟ್ಟಾಗಿ ನಡೆಸಿದ ಅನುಭವವನ್ನು ಟೆಂಡರು ಕರೆದು ಕೊಳ್ಳಲಾಗದು. ಆ ಅನುಭವ ಇರುವುದು ಈ ಸಂಸ್ಥೆಗಳಲ್ಲಿ. ಇನ್ನೊಂದು ಆಕ್ಷೇಪ ಹಿತಾಸಕ್ತಿಯದು. ಬ್ಯಾಂಕಿನ, ವಿಮಾ ಕಂಪನಿಯ ಪರವಾಗಿ ವಾದಿಸುವ ಸಂಸ್ಥೆಯ ಕೈಗೆ ಎದುರು ಪಕ್ಷದ ಬಡವನ ಕಡತ ಸಿಕ್ಕರೆ? ಸಿಗಲೇಬಾರದು. ಮಾಹಿತಿಯೆಲ್ಲ ಪ್ರಾಧಿಕಾರದ ವಶದಲ್ಲೇ ಇರಬೇಕು. ಸ್ವಯಂಸೇವಕನು ಕಪಾಟು ಮಾಡಿಕೊಡಲಿ, ಒಳಗಿಟ್ಟ ಕಾಗದವನ್ನು ಓದುವುದು ಬೇಡ.

ನನ್ನ ಸಲಹೆ ಇಷ್ಟೇ. ಒಂದು ಕಾನೂನು ಸಂಸ್ಥೆ ಒಂದು ಜಿಲ್ಲೆಯ ಪ್ರಾಧಿಕಾರವನ್ನು ಕನಿಷ್ಠ ಮೂರು ವರ್ಷಗಳ ಕಾಲಕ್ಕೆ ಜೊತೆಗಾರನನ್ನಾಗಿ ಆರಿಸಿಕೊಳ್ಳಲಿ. ವರ್ಷಕ್ಕೆ ಇಂತಿಷ್ಟು ತಾಸೆಂದು ವಕೀಲರದ್ದಷ್ಟೇ ಅಲ್ಲ, ತಂತ್ರಜ್ಞರ ಮತ್ತು ಗ್ರಂಥಪಾಲಕರ ವೇಳೆಯನ್ನೂ ಬರೆದುಕೊಡಲಿ. ಮೊದಲ ಕೆಲವು ತಿಂಗಳು ಏನನ್ನೂ ಕಟ್ಟದೆ ಅಲ್ಲಿ ಕುಳಿತು ನೋಡಲಿ. ಬಳಿಕ ಕಡತ, ದಿನಾಂಕ, ಕನ್ನಡದ ನಮೂನೆ ಈ ಮೂರನ್ನು ಮಾತ್ರ ಸರಿಪಡಿಸಲಿ. ಕಾಯ್ದೆ ಬದಲಾದಾಗ ತಿದ್ದುವ ಹೊಣೆ ಯಾರದೆಂಬುದು ಮೊದಲ ದಿನವೇ ಬರಹದಲ್ಲಿರಲಿ. ಹೊರಡುವ ಮುನ್ನ ಕಚೇರಿಯ ಒಬ್ಬ ಗುಮಾಸ್ತರಿಗಾದರೂ ಎಲ್ಲವನ್ನೂ ಪೂರ್ತಿಯಾಗಿ ಕಲಿಸಿರಲಿ.

ಈ ಬರಹವನ್ನು ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ, ಅವರಲ್ಲಿ ವಕೀಲರೂ ತಂತ್ರಾಂಶ ತಜ್ಞರೂ ಇದ್ದಾರೆ. ನಿಮ್ಮ ಸಂಸ್ಥೆಯ ಹಿರಿಯರ ಮುಂದೆ ಈ ಮಾತನ್ನು ಎತ್ತಿ ನೋಡಿ. ಮುಂದಿನ ನವೆಂಬರ್ 9ರ ಕಾನೂನು ಸೇವಾ ದಿನದಂದು ಭಾಷಣ ಕೇಳಲು ಹೋಗುವ ಬದಲು, ನಿಮ್ಮ ಊರಿನ ತಾಲೂಕು ಸಮಿತಿಯ ಕಚೇರಿಗೆ ಹೋಗಿ, ಅಲ್ಲಿನ ಬೆಂಚಿನ ಮೇಲೆ ಒಂದು ಮುಂಜಾನೆ ಕುಳಿತುಬನ್ನಿ. ಮಾಡಬೇಕಾದ ಕೆಲಸ ಯಾವುದೆಂದು ನಿಮಗೇ ತಿಳಿಯುತ್ತದೆ.